ಅಳಿಯನ ಕಂಪ್ಯೂಟರ್, ಭಾವನ ಮೋಟರ್

ಹಳೇ ಬ್ಲಾಗಿಗರಿಗೆ 'ಹೊಂದಾಣಿಕೆ' ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಲೇಖನವನ್ನು ಆ ಫಾಂಟ್ ಇಲ್ಲದ ಗೆಳೆಯನಿಗೆ ಕಳಿಸಿ, ಅವನು "ಇದ್ಯಾವ ಭಾಷೆ ಮಾರಾಯಾ?" ಅಂತ ಕೇಳಿದ ಅನುಭವ ನಮಗೆಲ್ಲ ಇದೆ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲೇ ತುಂಗಾ ಫಾಂಟ್ ಬಂದಿತ್ತು. ಆದರೂ ಸೆಟ್ಟಿಂಗಿನೊಳಗೆ ಹೋಗಿ ಒಂದು ಟಿಕ್ ಹಾಕದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಫೈಲೂ ಸರಿ ಇದೆ, ಕಂಪ್ಯೂಟರೂ ಸರಿ ಇದೆ, ಅವರಿಬ್ಬರ ನಡುವೆ ಮಾತುಕತೆ ಮಾತ್ರ ಇಲ್ಲ! ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಕಷ್ಟವೂ ಇದೇ ಜಾತಿಯದು. ಒಂದೇ ವ್ಯತ್ಯಾಸ, ಇಲ್ಲಿ ರೊಕ್ಕ ಹೋಗುತ್ತೆ.

ರೊಕ್ಕ ಯಾರದು ಅನ್ನೋದೇ ಈ ಕಥೆ. ವಿಜಯಪುರದ ಹತ್ತಿರ ಇಟ್ಟಂಗಿಹಾಳದಲ್ಲಿ ನಮ್ಮ ಅಕ್ಕನ ಮನೆ. ಭಾವನಿಗೆ ಎರಡು ಎಕರೆ ದ್ರಾಕ್ಷಿ. 2024ರ ಬೇಸಿಗೆಯಲ್ಲಿ ಪಿಯುಸಿ ಮುಗಿಸಿದ ಅಳಿಯ, ಒಣದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ ಅರವತ್ತು ಸಾವಿರ ಕೇಳಿದ್ದ. ಗೇಮಿಂಗ್ ಕಂಪ್ಯೂಟರ್ ಬೇಕಂತೆ. ಭಾವ ಬೈಯಲಿಲ್ಲ, ಬೈದಿದ್ದರೆ ಸುಲಭ ಇತ್ತು. "ನನಗ ತಿಳಿಯೂ ಹಂಗ ಹೇಳು. ಯಾವ ಸಾಮಾನು ಯಾಕ ಬೇಕು, ಒಂದೊಂದಾ ಹೇಳು. ತಿಳದ್ರ ರೊಕ್ಕ" ಅಂದುಬಿಟ್ಟರು. ಹುಡುಗ ಬೆಂಗಳೂರಿನಲ್ಲಿರುವ ನನಗೆ ಫೋನ್ ಮಾಡಿ, "ಮಾಮಾ, ನೀವು ಬರ್ರಿ" ಅಂತ ಅಳುವುದೊಂದು ಬಾಕಿ.

ನಾನು ಹೋಗುವಷ್ಟರಲ್ಲಿ ಅವನ ಕೈಯಲ್ಲಿ ಊರ ಅಂಗಡಿಯೊಂದರ ಕೊಟೇಶನ್ ಇತ್ತು. 'ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, ಬಣ್ಣದ ಲೈಟು', ಎಲ್ಲಾ ಸೇರಿ ಮೂವತ್ತೈದು ಸಾವಿರ. ಹುಡುಗನಿಗೆ ಖುಷಿಯೋ ಖುಷಿ, ಇಪ್ಪತ್ತೈದು ಸಾವಿರ ಉಳೀತಲ್ಲ! ಪ್ರೊಸೆಸರಿನ ಪೂರ್ತಿ ನಂಬರ್ ಕೇಳು ಅಂದೆ. ಅದು ಮೂರನೇ ತಲೆಮಾರಿನ ಐ7, ಅಂದರೆ 2012ರಲ್ಲಿ ಬಂದದ್ದು. ರ‍್ಯಾಮ್ ಡಿಡಿಆರ್3. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಇವನಿಗೆ ಬೇಕಾದ ವ್ಯಾಲೊರಂಟ್ ಆಟವೋ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. "ಐ7 ಅಂದ್ರ ಐ7 ಅಲ್ಲೇನ್ರಿ ಮಾಮಾ?" ಅಂದ. ಅಲ್ಲಪ್ಪಾ, ಐ7 ಅನ್ನೋದು ಮನೆತನದ ಹೆಸರು. ಅಜ್ಜನೂ ಅದೇ ಮನೆತನ, ಮೊಮ್ಮಗನೂ ಅದೇ ಮನೆತನ. ಕುಸ್ತಿಗೆ ಯಾರನ್ನ ಕಳಸ್ತಿ?

ಇನ್ನು ಭಾವನಿಗೆ ತಿಳಿಸುವ ಕೆಲಸ. ಸಾಕೆಟ್ಟು, ಚಿಪ್‌ಸೆಟ್ಟು ಅಂತ ಶುರು ಮಾಡಿದ ಹುಡುಗನನ್ನು ಅವರು ಎರಡೇ ನಿಮಿಷಕ್ಕೆ ನಿಲ್ಲಿಸಿದರು. "ಬೋರಿಗೆ ಮೋಟರ್ ಇಳಸೂ ಮುಂದ ನಾ ಏನೇನ್ ನೋಡ್ತೀನಿ, ಅದನ್ನ ಕೇಳ್ತೀನಿ. ಉತ್ತರಾ ಕೊಡು" ಅಂದರು.

ಮೊದಲನೇ ಪ್ರಶ್ನೆ: "ಬೋರಿನ ಬಾಯಿ ಎಷ್ಟು? ಆರೂವರಿ ಇಂಚಿನ ಬೋರಿಗೆ ಎಂಟ್ ಇಂಚಿನ ಮೋಟರ್ ಹೊಂಟ್ರ ಏನ್ ಮಾಡ್ತಿ?" ಇದಕ್ಕಿಂತ ಚೆನ್ನಾಗಿ ಸಾಕೆಟ್ ಬಗ್ಗೆ ನಾನಂತೂ ಹೇಳಲಾರೆ. ಎಎಮ್‌ಡಿಯ ಎಎಂ4 ಸಾಕೆಟ್ಟಿನ ಪ್ರೊಸೆಸರಿಗೆ ಕೆಳಗೆ ಪಿನ್ನುಗಳಿರುತ್ತವೆ. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್ನು ಇರೋದು ಬೋರ್ಡಿನಲ್ಲಿ. ಒಂದರದು ಇನ್ನೊಂದರಲ್ಲಿ ಕೂರುವುದೇ ಇಲ್ಲ. ರ‍್ಯಾಮೂ ಹಾಗೇ. ಎಎಂ4ಕ್ಕೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5. ಕಡ್ಡಿಯಲ್ಲಿರುವ ಕಚ್ಚು ಬೇರೆ ಬೇರೆ ಕಡೆ ಇರೋದರಿಂದ ಒತ್ತಿದರೂ ಇಳಿಯೋಲ್ಲ. ಇಂಟೆಲ್‌ನ 12ನೇ ತಲೆಮಾರಿನಲ್ಲಂತೂ ಒಂದೇ ಪ್ರೊಸೆಸರಿಗೆ ಎರಡೂ ಬಗೆಯ ಬೋರ್ಡ್ ಸಿಗುತ್ತವೆ, ಬೋರ್ಡ್ ನೋಡದೆ ರ‍್ಯಾಮ್ ಕೊಳ್ಳುವ ಹಾಗೇ ಇಲ್ಲ. ನಮ್ಮ ಬಜೆಟ್ಟಿಗೆ ಎಎಂ4 ಸಾಕು ಅಂತಾಯ್ತು. ರೈಝನ್ 5 5600, ಬಿ550 ಚಿಪ್‌ಸೆಟ್ಟಿನ ಬೋರ್ಡು. ಇನ್ನೂ ಅಗ್ಗದ ಬಿ450 ಬೋರ್ಡೂ ನಡೆಯುತ್ತಿತ್ತು, ಆದರೆ ಹಳೆಯ ಸ್ಟಾಕ್ ಆದರೆ ಬಯೋಸ್ ಅಪ್‌ಡೇಟ್ ಆಗುವವರೆಗೂ ಈ ಪ್ರೊಸೆಸರಿನ ಗುರುತೇ ಹಿಡಿಯೋಲ್ಲ. ಇಟ್ಟಂಗಿಹಾಳದಲ್ಲಿ ಕೂತು ಆ ಪಂಚಾಯ್ತಿ ಯಾಕೆ?

ಎರಡನೇ ಪ್ರಶ್ನೆ: "ನೀರು ಎಲ್ಲೀತನಾ ಏರಬೇಕು?" ಅಂದರೆ ಕೆಲಸ ಎಷ್ಟು ಅನ್ನೋದು. ಮನೆಯಲ್ಲಿದ್ದ ಹಳೇ ಮಾನಿಟರ್ 60 ಹರ್ಟ್ಸಿನದು, 1080ಪಿ. ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ಅದು ತೋರಿಸೋದೇ ಇಲ್ಲ. ಅಷ್ಟಕ್ಕೆ ಆರ್‌ಎಕ್ಸ್ 6600 ಕಾರ್ಡ್ ಧಾರಾಳ. ಆದರೆ ಆ ಮಾನಿಟರಿಗೆ ಇದ್ದದ್ದು ವಿಜಿಎ ತೂತೊಂದೇ, ಕಾರ್ಡಿನಲ್ಲಿರೋದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್. ನಡುವೆ ಒಂದು ಕನ್ವರ್ಟರ್ ಪಟ್ಟಿಗೆ ಸೇರಿತು. ಇನ್ನೊಂದು ಮಾತು, 5600ರೊಳಗೆ ಚಿತ್ರ ತೋರಿಸುವ ಭಾಗವೇ ಇಲ್ಲ. ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಸಿಕ್ಕಿಸಿದರೆ ಪರದೆ ಕಪ್ಪಗೇ ಇರುತ್ತೆ, ಕಾರ್ಡಿಗೇ ಸಿಕ್ಕಿಸಬೇಕು. ಕೆಟ್ಟಿದೆ ಅಂತ ಎಷ್ಟು ಜನ ಗಾಬರಿಯಾಗಿ ವಾಪಸ್ ಒಯ್ಯುತ್ತಾರೋ!

ಮೂರನೇ ಪ್ರಶ್ನೆ ಕೇಳಿದಾಗ ಭಾವ ಎದ್ದು ಕೂತರು. "ಕರೆಂಟ್ ಎಷ್ಟ ಎಳೀತೈತಿ? ಕೇಬಲ್ ಸಣ್ಣದ ಹಾಕಿದ್ರ ಮೋಟರ್ ಸುಡತೈತಿ, ಗೊತ್ತೈತಿಲ್ಲೋ?" ಹುಡುಗ ಹಾಳೆ ಮೇಲೆ ಲೆಕ್ಕ ಹಾಕಿದ. ಕಾರ್ಡು 132 ವ್ಯಾಟ್, ಪ್ರೊಸೆಸರ್ ಪೂರಾ ದುಡಿದಾಗ 76, ಉಳಿದ ಫ್ಯಾನು, ಡಿಸ್ಕು, ಬೋರ್ಡಿಗೆ ಐವತ್ತು ಅಂತ ಹಿಡಿ. ಒಟ್ಟು ಇನ್ನೂರ ಅರವತ್ತರ ಆಸುಪಾಸು. ಕಾರ್ಡಿಗೆ ಕಂಪನಿ ಹೇಳುವುದು ಕನಿಷ್ಠ 450 ವ್ಯಾಟಿನ ಪವರ್ ಸಪ್ಲೈ. ನಾವು 550ರದ್ದು, 80 ಪ್ಲಸ್ ಬ್ರಾಂಜ್ ಗುರುತಿನದು ಬರೆದುಕೊಂಡೆವು. ಅಂಗಡಿಯ ಕೊಟೇಶನ್ನಿನಲ್ಲಿ ಪವರ್ ಸಪ್ಲೈಗೆ ಕಂಪನಿಯ ಹೆಸರೇ ಇರಲಿಲ್ಲ. ಭಾವ ಅದನ್ನೇ ಬೆರಳಿಟ್ಟು ತೋರಿಸಿದರು. "ಹೆಸರಿಲ್ಲದ ಸ್ಟಾರ್ಟರ್ ತಂದವ ಮೋಟರ್ ಎರಡ ಸಲ ತರ್ತಾನ."

ಆಮೇಲೆ ಅವರು ಗೋಡೆಯ ಪ್ಲಗ್ ನೋಡಿದರು. ಮೂರು ತೂತಿತ್ತು, ಮೇಲಿನ ತೂತಿಗೆ ತಂತಿಯೇ ಇರಲಿಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಇದು ಹೊಸದಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಮುಟ್ಟಿದಾಗ ಜುಮ್ ಅನ್ನುತ್ತೆ. ಒಳಗೆ ಏನಾದರೂ ಕೆಟ್ಟ ದಿನ ಜುಮ್ ಅಲ್ಲ, ಜೀವಕ್ಕೇ ಕುತ್ತು. ಅಕ್ಕಪಕ್ಕದ ಮೋಟರ್ ಶುರುವಾದಾಗ ಮನೆಯ ಲೈಟು ಮಿಣುಕುವ ಊರದು.

ನಾವು ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತರಿಸುವ ಮಾತಾಡುತ್ತಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಭಾವ ಹಿತ್ತಲಲ್ಲಿ ಗುದ್ದಲಿ ಹಿಡಿದು ಎದೆಮಟ್ಟ ಕುಣಿ ತೋಡುತ್ತಿದ್ದರು. ವೈರ್‌ಮನ್ ಬಂದು ಪೈಪ್ ನಿಲ್ಲಿಸಿದ, ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ರೊಕ್ಕದ ಮಾತು ಯಾರೂ ತೆಗೆಯಲಿಲ್ಲ. ಅಕ್ಕ ಒಳಗಿನಿಂದ, "ಅಪ್ಪಾ ಒಪ್ಪಿದಂಗ ನೋಡೋ" ಅಂತ ಮಗನಿಗೆ ಸನ್ನೆ ಮಾಡಿದಳು.

ಪೆಟ್ಟಿಗೆಗಳು ಬಂದ ದಿನ ಜೋಡಿಸಿದವನು ಹುಡುಗನೇ. ಎಂಟೆಂಟು ಜಿಬಿಯ ಎರಡು ಕಡ್ಡಿಯನ್ನು ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ. ಪವರ್ ಸಪ್ಲೈಯಲ್ಲಿ ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ವೈರು ಬೇರೆ, ಕಾರ್ಡಿಗೆ ಹೋಗುವ ಎಂಟು ಪಿನ್ನಿನದು ಬೇರೆ. ಅದನ್ನು ನಾನು ಹೇಳುವ ಮೊದಲೇ ಬೇರೆ ಬೇರೆ ಇಟ್ಟಿದ್ದ. ವಿಜಯಪುರದ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತೆ ಅಂತ ಮುಂದೆ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್ ಆರಿಸಿದ್ದೂ ಅವನೇ. ಬಣ್ಣದ ಲೈಟು ಬಿಟ್ಟುಕೊಟ್ಟಿದ್ದಕ್ಕೆ ಸ್ವಲ್ಪ ಬೇಜಾರಿತ್ತು ಅನ್ನಿ. ಮೊದಲ ಸಲ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಬೆಳಗಿತು. ಭಾವ ಕ್ಯಾಬಿನೆಟ್ಟಿಗೆ ಟೆಸ್ಟರ್ ಹಚ್ಚಿ ನೋಡಿ, ಏನೂ ಮಾತಾಡದೆ ತೋಟಕ್ಕೆ ಹೋದರು.

ಆಟ ಆಡಿ ಹುಡುಗ ಕೆಟ್ಟನೋ, ಓದಿ ಉದ್ಧಾರ ಆದನೋ ಅಂತ ಈಗಲೇ ತೀರ್ಪು ಕೊಡುವಷ್ಟು ಕಾಲ ಆಗಿಲ್ಲ. ನನಗನ್ನಿಸಿದ್ದು ಇಷ್ಟು: 'ಯಾಕೆ ಬೇಕು ಅಂತ ತಿಳಿಸು' ಅಂತ ಮನೆಯಲ್ಲಿ ಒಬ್ಬರು ಪಟ್ಟು ಹಿಡಿದರೆ, ತಪ್ಪು ಸಾಮಾನು ಬರೋದು ಅರ್ಧ ಕಡಿಮೆಯಾಗುತ್ತೆ. ಎಷ್ಟೋ ಅಪ್ಪಂದಿರು ರೊಕ್ಕ ಕೊಡ್ತಾರೆ ಇಲ್ಲಾ ಬೈತಾರೆ, ಪ್ರಶ್ನೆ ಕೇಳೋರು ಕಡಿಮೆ.

2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿತಲ್ಲ, ಆಗಲೇ ಅಳಿಯನಿಗೆ 32 ಜಿಬಿ ಮಾಡಿಸುವ ಆಸೆ ಹುಟ್ಟಿತ್ತು. ಎರಡು ಸ್ಲಾಟ್ ಖಾಲಿ ಇವೆ ಅನ್ನೋದು ಅವನ ವಾದ. ಭಾವ ಅಷ್ಟು ವರ್ಷ ದ್ರಾಕ್ಷಿ ಮಾರಿದವರು, ರೇಟಿನ ಏರಿಳಿತ ಅವರಿಗೆ ಯಾರೂ ಕಲಿಸಬೇಕಿಲ್ಲ. "ತೂತು ಖಾಲಿ ಅದಾವಂತ ತುಂಬಬಾರ್ದು. ರೇಟ್ ಇಳೀಲಿ, ಆಗ ಕೇಳು" ಅಂದರಂತೆ. ಹುಡುಗ ಕಾಯ್ತಿದ್ದಾನೆ.