ಮಾತಾಡುವಷ್ಟು ವೇಗ

ಮ್ಯಾರಥಾನಿನ ಉದ್ದ 42.195 ಕಿಲೋಮೀಟರು. ಕೊನೆಯ ಆ 195 ಮೀಟರಿಗೂ ಓಟದ ಶಾಸ್ತ್ರಕ್ಕೂ ಸಂಬಂಧವೇ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯ ಹತ್ತಿರ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಎದುರು ಮುಗಿಯಬೇಕಿತ್ತು. ಅಳೆದರೆ ಅಷ್ಟಾಯಿತು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ದೊಡ್ಡವರ ಕುರ್ಚಿ ಎಲ್ಲಿದೆಯೋ ಅಲ್ಲಿತನಕ ಉಳಿದವರು ಓಡಬೇಕೆಂಬುದು ಒಮ್ಮೆಯಾದರೂ ಸರ್ಕಾರಿ ಕಚೇರಿಗೆ ಅಲೆದವರಿಗೆ ಹೊಸ ವಿಷಯವೇನಲ್ಲ. ಅದಿರಲಿ. ಈ ಅಳತೆಗಿಂತ ಹೆಚ್ಚು ಎಷ್ಟೇ ಓಡಿದರೂ ಅದು ಅಲ್ಟ್ರಾ ಮ್ಯಾರಥಾನ್. ಗ್ರೀಸಿನ ಸ್ಪಾರ್ಟಥ್ಲಾನ್ 246 ಕಿಲೋಮೀಟರು, ಅದೂ ಅಲ್ಟ್ರಾ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ ನಾವು ಓಡಿದ್ದು 50, ಅದೂ ಅಲ್ಟ್ರಾ. ಒಂದೇ ಜಾತಿಗೆ ಸೇರಿದರೂ ಒಂದೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ, ಅಷ್ಟೇ.

ಅದೇ ಮಲ್ನಾಡ್ ಅಲ್ಟ್ರಾದಲ್ಲಿ 80 ಮತ್ತು 110 ಕಿಲೋಮೀಟರಿನವರೂ ಇದ್ದರು. ಅವರನ್ನು ನೋಡಿದಾಗಲೆಲ್ಲ ನಮ್ಮ ಐವತ್ತನ್ನು ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತಿದ್ದೆವು.

ಹೊರಡುವ ಮೊದಲು ಕೋಣಂದೂರಿನ ಮನೆಯಲ್ಲಿ ವಿಷಯ ತಿಳಿಸಿದ್ದೆ. ಚಿಕ್ಕಪ್ಪ ಕವಳ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು.

"ಐವತ್ತು ಕಿಲೋಮೀಟರಾ? ಹೆಚ್ಚುಕಡಿಮೆ ತೀರ್ಥಹಳ್ಳಿಗೆ ಹೋಗಿ ಬರೋ ದಾರಿ ಆತಲ್ಲ ಮಾರಾಯಾ. ಅಲ್ಲಿ ಬಸ್ಸಿಲ್ವನಾ?"

"ಬಸ್ಸಿನ ಪ್ರಶ್ನೆ ಅಲ್ಲ ಚಿಕ್ಕಪ್ಪ. ಇದು ಓಟ."

"ಓಡಿದ್ರೆ ಎಷ್ಟು ಕೊಡ್ತಾರೆ?"

"ನಾವೇ ಕೊಡೋದು."

ಚಿಕ್ಕಪ್ಪ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. ಅದಾದ ಮೇಲೆ ಅವರು ನನ್ನ ಹತ್ತಿರ ದುಡ್ಡಿನ ವಿಷಯಕ್ಕೆ ಸಲಹೆ ಕೇಳಿದ್ದೇ ಇಲ್ಲ.

ಆಗ ನಾನು ಬೆಂಗಳೂರಿನಲ್ಲಿದ್ದೆ. ನಮ್ಮದು ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಜಾವ ಓಡುವ ಸಣ್ಣ ಗುಂಪು. ಒಬ್ಬರು ಹಲ್ಲಿನ ಡಾಕ್ಟರಮ್ಮ, ಒಬ್ಬರು ಕಾಲೇಜು ಮೇಷ್ಟ್ರು, ಒಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಬ್ಯಾಂಕ್ ಮ್ಯಾನೇಜರು, ಉಳಿದವರೆಲ್ಲ ಬೆಂಗಳೂರಿನ ವಾಡಿಕೆಯಂತೆ ಸಾಫ್ಟ್‌ವೇರು. ಓಟ ಮುಗಿಸಿ ಏರ್‌ಲೈನ್ಸ್ ಹೋಟೆಲಿನ ಮರದಡಿ ಕೂತು, ಓಡಿ ಕರಗಿಸಿದ್ದನ್ನೆಲ್ಲ ದೋಸೆಯ ರೂಪದಲ್ಲಿ ವಾಪಸು ಪಡೆಯುವುದು ಕ್ರಮ. ಭಾರತದಲ್ಲಿ ಅಲ್ಟ್ರಾದ ಹುಚ್ಚು ಹಬ್ಬುವುದಕ್ಕೆ ಬೆಂಗಳೂರಿನ ಪಾಲು ದೊಡ್ಡದು. ಬೆಂಗಳೂರು ಅಲ್ಟ್ರಾ 2007ರಲ್ಲೇ ಶುರುವಾಯಿತು. 2022ರಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆಗಳ ಓಟದ ಚಾಂಪಿಯನ್‌ಶಿಪ್ ಕೂಡ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಒಂದು ಹಗಲು ಒಂದು ರಾತ್ರಿ ಒಂದೇ ಟ್ರ್ಯಾಕಿನಲ್ಲಿ ಸುತ್ತುವುದು! ನಮ್ಮ ಕಡೆಯ ಗಾಣದೆತ್ತಿಗೂ ನಡುವೆ ಬಿಡುವಿರುತ್ತಿತ್ತು.

ಗುಂಪಿನಲ್ಲಿ ಎಲ್ಲರೂ ಒಪ್ಪಿದ ನಿಯಮ ಒಂದೇ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನೀವು ಹೆಚ್ಚು ವೇಗದಲ್ಲಿದ್ದೀರಿ ಎಂದರ್ಥ. ಕೇಳಲು ತಮಾಷೆಯಾದರೂ ಇದು ಓಟ ಕಲಿಸುವವರೆಲ್ಲ ಹೇಳುವ ಮಾತು. ಉಸಿರು ಕಟ್ಟುವಷ್ಟು ಜೋರಾಗಿ ಓಡಿದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಬೇಗ ಖರ್ಚಾಗುತ್ತದೆ. ನಿಧಾನಕ್ಕೆ ಹೋದರೆ ಕೊಬ್ಬೂ ಜತೆಗೆ ಉರಿಯುತ್ತದೆ. ಕೊಬ್ಬಿನ ದಾಸ್ತಾನು ನಮ್ಮಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಮಾತಿನ ದಾಸ್ತಾನು ಡಾಕ್ಟರಮ್ಮನ ಹತ್ತಿರ ಎಲ್ಲರಿಗಿಂತ ಹೆಚ್ಚಿತ್ತು. ದಿನವಿಡೀ ಬೇರೆಯವರ ಬಾಯಿ ತೆರೆಸಿ, ಅವರು ಉತ್ತರ ಕೊಡದ ಹಾಗೆ ಮಾಡಿ ಮಾತಾಡಿದ ಅಭ್ಯಾಸ ಅವರದ್ದು.

ಓಟದ ದಿನ ಕತ್ತಲಿರುವಾಗಲೇ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಮಳೆಗಾಲ ಹೆಸರಿಗೆ ಮುಗಿದಿತ್ತು. ಕೆಂಪು ಮಣ್ಣಿನ ಜೀಪುದಾರಿಗೆ ಅದು ಗೊತ್ತಿರಲಿಲ್ಲ. ಬೆಳಕು ಹರಿದಾಗ ಎರಡೂ ಕಡೆ ಕಾಫಿ, ಅದರ ಮೇಲೆ ಸಿಲ್ವರ್ ಓಕು, ಸಿಲ್ವರ್ ಓಕಿಗೆ ಹಬ್ಬಿದ ಮೆಣಸು. ಅಡಿಕೆಯವರು ಕಾಫಿಯವರ ತೋಟಕ್ಕೆ ಕಾಲಿಟ್ಟರೆ ನೋಡುವುದು ನಿಸರ್ಗ ಸೌಂದರ್ಯವನ್ನಲ್ಲ, ಫಸಲನ್ನು. ಒಂದೆಡೆ ಬಳ್ಳಿಗೆ ಸೊರಗು ರೋಗ ಬಿದ್ದಂತೆ ಕಂಡು ನಿಂತೇಬಿಟ್ಟೆ. ಎಲೆ ತಿರುವಿ ನೋಡುತ್ತಿದ್ದಾಗ ಹಿಂದಿನಿಂದ ಬಂದ 110 ಕಿಲೋಮೀಟರಿನ ಹುಡುಗನೊಬ್ಬ "ಸರ್, ಆರ್ ಯೂ ಓಕೆ?" ಎಂದ. ಬಳ್ಳಿ ಓಕೆ ಇಲ್ಲ ಎಂದೆ. ಅವನು ನನಗೆ ತಲೆಸುತ್ತು ಬಂದಿದೆಯೆಂದುಕೊಂಡು ಉಪ್ಪಿನ ಮಾತ್ರೆ ಕೊಟ್ಟು ಹೋದ.

ಉಂಬಳಗಳ ವಿಷಯದಲ್ಲಿ ಮಾತ್ರ ನನ್ನ ಮಾತೇ ವೇದವಾಗಿತ್ತು. ಬೆಂಗಳೂರಿನವರು ಸ್ಪ್ರೇ ತಂದಿದ್ದರು. ನಾನು ಹೊಗೆಸೊಪ್ಪು ನೆನೆಸಿದ ಎಣ್ಣೆ ಒಯ್ದಿದ್ದೆ. ಮೇಷ್ಟ್ರ ಕಾಲುಚೀಲದ ಅಂಚಿನಲ್ಲಿ ಒಂದು ಉಂಬಳ ನಿಧಾನಕ್ಕೆ ಎದ್ದು ನಿಂತು, ಗಾಳಿಯಲ್ಲಿ ಆ ಕಡೆ ಈ ಕಡೆ ತೂಗಿ, ಸ್ಪ್ರೇ ಬಿದ್ದ ಚರ್ಮದ ಮೇಲೇ ಇಳಿದು ಕೂತಿದ್ದನ್ನು ನಾವೆಲ್ಲ ನಿಂತು ನೋಡಿದೆವು. ಮೇಷ್ಟ್ರು ಹೌಹಾರಿ ಅದನ್ನು ಕಿತ್ತೆಸೆದರು. ಗಾಯದಿಂದ ರಕ್ತ ನಿಲ್ಲಲೊಲ್ಲದು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ಅಂಶವಿದೆ ಎಂದು ಡಾಕ್ಟರಮ್ಮ ಅಲ್ಲೇ ಪಾಠ ಶುರುಮಾಡಿದರು. ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಪಾಠ ಬೇಡವೆಂದರು.

ಅಲ್ಟ್ರಾ ಎಂದರೆ ಓಟ ಎಂದುಕೊಂಡವರಿಗೆ ಹೇಳಬೇಕಾದ್ದು: ನಮ್ಮಂಥವರು ಏರಿನಲ್ಲಿ ಓಡುವುದಿಲ್ಲ, ನಡೆಯುತ್ತೇವೆ. ಕಡಿದಾದ ಏರಿನಲ್ಲಿ ಓಡಿದರೆ ಸಿಗುವ ಲಾಭ ಅಷ್ಟರಲ್ಲೇ, ತಗಲುವ ಸುಸ್ತು ಬಹಳ. ಇಳಿಜಾರಿನಲ್ಲಿ ಓಡುತ್ತೇವೆ, ತೊಡೆ ಪದ ಹೇಳುವುದು ಅಲ್ಲಿ. ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯುವ ಕೆಲಸ ಅದಕ್ಕೇ ಬೀಳುತ್ತದೆ. ಬೆರಳುಗಳು ಬೂಟಿನ ಮೂತಿಗೆ ಬಡಿದೂ ಬಡಿದೂ ಉಗುರು ಕಪ್ಪಾಗುತ್ತದೆ. ನಡುನಡುವೆ ತಿನ್ನುವ ಕಟ್ಟೆಗಳಿರುತ್ತವೆ: ಕಿತ್ತಳೆ, ಕಲ್ಲಂಗಡಿ, ಚಿಕ್ಕಿ, ಬೇಯಿಸಿದ ಆಲೂಗಡ್ಡೆ. ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಅಪಾಯವೆಂದು ಉಪ್ಪನ್ನೂ ಇಟ್ಟಿರುತ್ತಾರೆ. ಮ್ಯಾನೇಜರು ಆಲೂಗಡ್ಡೆಯ ಸಿಪ್ಪೆಯನ್ನು ಎಲ್ಲೂ ಹರಿಯದಂತೆ ಸುಲಿದು, ಉಪ್ಪಿಗೆ ಮೂರು ಮಗ್ಗುಲೂ ಒತ್ತಿ, ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. ಬ್ಯಾಂಕಿನವರಿಗೆ ಸಾಲು ಕಂಡರೆ ಅವಸರವಾಗುವುದಿಲ್ಲ.

ಅವರು ತಮ್ಮ ಊರಿನ ವಿಷಯ ಹೇಳಿದ್ದು ಮೂವತ್ತು ಕಿಲೋಮೀಟರು ದಾಟಿದ ಮೇಲಿನ ಒಂದು ಉದ್ದನೆ ಏರಿನಲ್ಲಿ. ವರ್ಷಗಟ್ಟಲೆ ಒಟ್ಟಿಗೆ ದೋಸೆ ತಿಂದಿದ್ದೆವು. ಅವರ ಊರು ಶಿವಮೊಗ್ಗ ಎಂದಷ್ಟೇ ಗೊತ್ತಿತ್ತು. ನಾನು ಕೋಣಂದೂರು, ಅಡಿಕೆ, ಎಳ್ಳಮಾವಾಸ್ಯೆ ಜಾತ್ರೆಗೆ ಅಜ್ಜ ಗಾಡಿ ಕಟ್ಟುತ್ತಿದ್ದುದು ಎಂದೆಲ್ಲ ಹಲುಬುತ್ತಿದ್ದೆ. ಅವರು ಉಸಿರು ಸರಿಮಾಡಿಕೊಂಡು "ನಮ್ಮದು ಸಾಗರ ತಾಲ್ಲೂಕು. ಮನೆ ಈಗಲೂ ಅಲ್ಲೇ ಇದೆ, ಮೇಲೆ ನೀರಿದೆ" ಎಂದರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಮಡೆನೂರಿನ ಆ ಹಳೆ ಕಟ್ಟು ಮೇಲೆ ಕಾಣುತ್ತದೆ, ಜನ ಫೋಟೊ ತೆಗೆಯಲು ಹೋಗುತ್ತಾರೆ. ನಾಡಿಗೆಲ್ಲ ಕರೆಂಟು ಬಂತು, ಮನೆ ಬಿಟ್ಟವರಲ್ಲಿ ಎಷ್ಟೋ ಜನ ಹೊಸ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಅರ್ಜಿ ಹಿಡಿದು ನಿಂತಿದ್ದಾರೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಪೇಪರಿನಲ್ಲಿ ಓದಿದ್ದು ಪಕ್ಕದಲ್ಲಿ ಏದುಸಿರು ಬಿಡುತ್ತ ನಡೆಯುತ್ತಿದ್ದದ್ದು ಮಾತ್ರ ಅದೇ ಮೊದಲು.

"ಸಾಮಾನು ಲಾರಿಯಲ್ಲಿ ಹೋಯ್ತಂತೆ. ದನಗಳನ್ನ ಹೊಡ್ಕೊಂಡು ಅಪ್ಪ ನಡೆದರಂತೆ. ನಾನು ಕೈಕೂಸು, ಲಾರಿ ವಾಸನೆಗೆ ವಾಂತಿ ಮಾಡ್ಕೊಂಡೆ ಅಂತ ಅವ್ವನೂ ಇಳಿದು ನಡೆದಳಂತೆ. ಲೆಕ್ಕಕ್ಕೆ ನನ್ನ ಮೊದಲ ಅಲ್ಟ್ರಾ ಅದೇ. ಅವ್ವನ ಸೊಂಟದ ಮೇಲೆ."

ಅಂದು ನಕ್ಕರು. ನಾವೂ ನಕ್ಕೆವು. ಡಾಕ್ಟರಮ್ಮ ಒಂದಿಡೀ ಏರು ಮುಗಿಯುವ ತನಕ ಮಾತಾಡಲಿಲ್ಲ. ಅಂದಿನ ದಾಖಲೆಗಳಲ್ಲಿ ನನಗೆ ದೊಡ್ಡದೆನಿಸಿದ್ದು ಅದೇ.

ಮ್ಯಾರಥಾನಿನ ಉದ್ದ ಕಾಯಂ ಆದ ಅದೇ 1921ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಎಂಬ ಓಟ ಶುರುವಾಯಿತು. ಸುಮಾರು ತೊಂಬತ್ತು ಕಿಲೋಮೀಟರಿನ ಅದು ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ. ಅಲ್ಲಿ ಈಗ ಹನ್ನೆರಡು ಗಂಟೆ ತುಂಬುತ್ತಿದ್ದಂತೆ ಒಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಒಂದು ಸೆಕೆಂಡು ತಡವಾದವರಿಗೂ ಪದಕವಿಲ್ಲ. ಮುಖ ನೋಡಿದರೆ ಕರುಣೆ ಬರುತ್ತದೆಂದು ಬೆನ್ನು ಹಾಕುವುದಿರಬೇಕು. ನಮಗೆ ಅಂಥ ಗಂಡಾಂತರ ಬರಲಿಲ್ಲ. ಕೊನೆಯ ಹಳ್ಳ ದಾಟಿ, ಕೈ ಕೈ ಹಿಡಿದು, ಫೋಟೊದವನು ಬೇರೆಡೆ ನೋಡುತ್ತಿದ್ದಾಗ ಗೆರೆ ದಾಟಿದೆವು. ಮಾರನೇ ದಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆವು.

ಪದಕವನ್ನು ಕೋಣಂದೂರಿಗೆ ಒಯ್ದೆ. ಅಮ್ಮ "ಎಷ್ಟನೇ ನಂಬರು ಬಂತು?" ಎಂದರು. ಮುಗಿಸಿದವರಿಗೆಲ್ಲ ಕೊಡ್ತಾರೆ ಎಂದೆ. "ಹಂಗಾರೆ ಪ್ರಸಾದ" ಎಂದು ದೇವರ ಕೋಣೆಗೆ ತೆಗೆದುಕೊಂಡು ಹೋದರು.

ಗುಂಪು ಈಗ ಚದುರಿದೆ. ಡಾಕ್ಟರಮ್ಮ ಮಗಳ ಜೊತೆ ಸಿಡ್ನಿಯಲ್ಲಿದ್ದಾರೆ. ಮೇಷ್ಟ್ರ ಮಂಡಿ ಆಪರೇಷನ್ ಆಯಿತು. ಮ್ಯಾನೇಜರು ಶಿವಮೊಗ್ಗದ ಹೊರಗೆ ಮನೆ ಕಟ್ಟಿದ್ದಾರೆ, ಗೃಹಪ್ರವೇಶಕ್ಕೆ ಕರೆದಾಗ ಮೊದಲು ತೋರಿಸಿದ್ದು ಹಕ್ಕುಪತ್ರವನ್ನು. ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬಗಳು ಮಾತ್ರ ಓಡುತ್ತಿವೆ. ನಾನು ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ, ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸುವುದೇ ಒಂದು ಅಲ್ಟ್ರಾ.

ಓಟ ಬಿಟ್ಟಿಲ್ಲ. ಆದರೆ ಕೋಣಂದೂರಿನಲ್ಲಿ ಒಬ್ಬ ಮನುಷ್ಯನನ್ನು ಓಡಲು ಬಿಡುವುದಿಲ್ಲ. ಬೈಕು ನಿಧಾನವಾಗುತ್ತದೆ. "ಎಂತ ಮಾರಾಯಾ, ಬಸ್ ತಪ್ಪಿತನಾ? ಕೂರು, ಬಿಡ್ತೀನಿ." ಬೇಡವೆಂದರೆ ಬೇಸರ. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಊಹಿಸಿ ಸಂಜೆ ಹಣ್ಣು ಹಿಡಿದು ನೋಡಲು ಬಂದವರೂ ಇದ್ದಾರೆ. ಹಾಲಿನ ಗಾಡಿಯವರಂತೂ ಹಿಂಬಾಗಿಲು ತೆಗೆದೇ ಬರುತ್ತಾರೆ.

ಆದ್ದರಿಂದ ಈ ಕಡೆಯವರಲ್ಲಿ ಒಂದು ವಿನಂತಿ. ಬೆಳಿಗ್ಗೆ ಹುಂಚದ ರಸ್ತೆಯಲ್ಲಿ ಚಡ್ಡಿ ಹಾಕಿದ ನಡುವಯಸ್ಸಿನವನೊಬ್ಬ ಓಡುತ್ತಿದ್ದರೆ ದಯವಿಟ್ಟು ಹತ್ತಿಸಿಕೊಳ್ಳಬೇಡಿ. ಗಾಡಿ ಬದಿಗೆ ಹಾಕಿ, ಮುಂದಿನ ಏರು ಮುಗಿಯುವ ತನಕ ಜೊತೆಗೆ ನಡೆಯುವುದಾದರೆ ಬನ್ನಿ. ಬೂಟು ಬೇಕಾಗಿಲ್ಲ, ಹವಾಯಿ ಚಪ್ಪಲಿ ಸಾಕು.