ಉಖೀಮಠದಲ್ಲಿ ಐದು ದಿನ

ರುದ್ರಪ್ರಯಾಗದಿಂದ ಮಂದಾಕಿನಿಯ ಕಣಿವೆಗುಂಟ ಸುಮಾರು 40 ಕಿಲೋಮೀಟರ್ ಸಾಗಿದರೆ ಉಖೀಮಠ. ಬಾಣಾಸುರನ ಮಗಳಾದ ಉಷೆಯಿಂದ ಈ ಹೆಸರು ಬಂದಿತೆಂದು ಸ್ಥಳದವರು ಹೇಳುತ್ತಾರೆ. ನದಿಯ ಆಚೆಯ ಇಳಿಜಾರಿನಲ್ಲಿ ಗುಪ್ತಕಾಶಿ ಕಾಣುತ್ತದೆ. ಕನ್ನಡ ನಾಡಿನ ಭಕ್ತರಿಗೆ ಇದು ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠದ ಗದ್ದುಗೆ ಇಲ್ಲಿದೆ. ಕೇದಾರನಾಥದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮ ಮನೆತನದವರು.

2022ರ ಅಕ್ಟೋಬರ್ ಕೊನೆಯ ವಾರ ನಾವು ಇಲ್ಲಿಗೆ ಬಂದೆವು. ಸಂಗಡ ಬಂದವರು ಕೇದಾರಕ್ಕೆ ಹೊರಟರು. ನಾವು ಉಖೀಮಠದಲ್ಲಿಯೇ ಉಳಿದೆವು. ಕಾರಣ ನಮ್ಮ ಎದೆಗೂಡಿನೊಳಗಿತ್ತು. 2021ರ ಮೇ ತಿಂಗಳಲ್ಲಿ ಕೊರೋನಾ ಸೋಂಕು ತಗುಲಿ ನ್ಯುಮೋನಿಯಾಕ್ಕೆ ತಿರುಗಿತು. ಜ್ವರ ಇಳಿಯಿತು, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂತು, "ಗುಣವಾಯಿತಲ್ಲ ಶಾಸ್ತ್ರಿಗಳೇ" ಎಂದು ಬಂಧುಗಳು ಸಂತೋಷಪಟ್ಟರು. ಏದುಸಿರು ಮಾತ್ರ ಹೋಗಲಿಲ್ಲ. ಪ್ರವಚನದಲ್ಲಿ ಒಂದು ದೀರ್ಘ ವಾಕ್ಯ ಮುಗಿಯುವಷ್ಟರಲ್ಲಿ ಎರಡು ಬಾರಿ ನಿಲ್ಲಬೇಕಾಗುತ್ತಿತ್ತು. ಮಾತೇ ಕಾಯಕವಾದವನಿಗೆ ಇದು ಸಣ್ಣ ತೊಂದರೆಯಲ್ಲ.

ವೈರಾಣು ದೇಹವನ್ನು ಬಿಟ್ಟ ಮೇಲೂ ಅದು ಮಾಡಿದ ಗಾಯ ಉಳಿಯಬಹುದು. ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳ ಗೋಡೆ ಕೆಲವರಲ್ಲಿ ಗಡುಸಾಗುತ್ತದೆ. ಕೆಲವರ ಶ್ವಾಸನಾಳ ತಣ್ಣನೆಯ ಗಾಳಿ ಸೋಕಿದೊಡನೆ ಬಿಗಿಯುತ್ತದೆ. ಹಾಸಿಗೆ ಹಿಡಿದಿದ್ದವರ ಸ್ನಾಯುಗಳು ಸೊರಗಿ, ನಾಲ್ಕು ಹೆಜ್ಜೆಗೇ ದಮ್ಮು ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿಯೇ ಈ ದೀರ್ಘ ಕೋವಿಡ್ ಸ್ಥಿತಿಗೆ ಲಕ್ಷಣ ಹೇಳಿತು. ಆದುದರಿಂದ ಇದನ್ನು ಸೋಮಾರಿತನವೆಂದೋ ಮನಸ್ಸಿನ ಭ್ರಮೆಯೆಂದೋ ಮನೆಯವರು ತಳ್ಳಿಹಾಕಬಾರದು. ಸೊಸೆಯಂದಿರ ವಿಷಯದಲ್ಲಿ ಈ ಮಾತು ಬೇಗ ಬರುತ್ತದೆ, ಅದಕ್ಕಾಗಿ ಹೇಳಿದೆವು.

ಹೊರಡುವ ಮುನ್ನ ವೈದ್ಯರು ಆರು ನಿಮಿಷ ನಡೆಸಿ, ಬೆರಳಿಗೆ ಆಕ್ಸಿಮೀಟರ್ ಹಚ್ಚಿ ನೋಡಿದರು. ಕುಳಿತಾಗ 96 ಇದ್ದುದು ನಡೆದಾಗ 89ಕ್ಕೆ ಇಳಿಯಿತು. ಉಖೀಮಠ ಸುಮಾರು 1,300 ಮೀಟರ್ ಎತ್ತರದ್ದು. ಅಲ್ಲಿಯವರೆಗೆ ಹೋಗಿರಿ ಎಂದರು. ಕೇದಾರವಾದರೋ 3,583 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ. ಪ್ರತಿ ಉಸಿರಿಗೂ ದಕ್ಕುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಹೆಲಿಕಾಪ್ಟರಿನಲ್ಲಿ ಹೋಗಬಾರದೇ ಎಂದು ಕೇಳಿದವರಿದ್ದರು. ಕಾಲಿನ ಆಯಾಸ ತಪ್ಪೀತು, ಶ್ವಾಸಕೋಶದ್ದು ತಪ್ಪದು. ಕೆಲವೇ ನಿಮಿಷಗಳಲ್ಲಿ ಅಷ್ಟು ಎತ್ತರಕ್ಕೇರಿದರೆ ದೇಹಕ್ಕೆ ಹೊಂದಿಕೊಳ್ಳಲು ಕಾಲವೇ ಸಿಗದು.

ಬೆಳಗಿನ ಚಳಿಗೆ ಮೂಗು ಬಾಯಿಗೆ ಶಾಲು ಸುತ್ತಿ, ಬಿಸಿಲೇರಿದ ಮೇಲೆ ಓಂಕಾರೇಶ್ವರ ಗುಡಿಗೆ ಹೋಗುತ್ತಿದ್ದೆವು. ಮೂಗಿನಿಂದ ಉಸಿರೆಳೆದು, ದೀಪ ಆರದಂತೆ ಮೆಲ್ಲಗೆ ಊದುವ ಹಾಗೆ ತುಟಿ ಕೂಡಿಸಿ ಎರಡರಷ್ಟು ಹೊತ್ತು ಬಿಡುವುದನ್ನು ವೈದ್ಯರು ಕಲಿಸಿದ್ದರು. ಹತ್ತು ಮೆಟ್ಟಿಲು, ಒಂದು ನಿಲುಗಡೆ. ಕುಳಿತಲ್ಲಿಯೇ ಏದುಸಿರು, ಎದೆನೋವು, ತುಟಿ ನೀಲಿಯಾಗುವುದು ಕಂಡರೆ ಈ ಅಭ್ಯಾಸವನ್ನು ನೆಚ್ಚಿ ಕೂಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದೂ ಹೇಳಿದ್ದರು.

ಮೇಲಕ್ಕೆ ಹೋಗದ ಬೇಸರ ನಮಗಿರಲಿಲ್ಲ ಎಂದರೆ ಸುಳ್ಳಾದೀತು. ಸಂಜೆ ಹಿಮದ ಶಿಖರಗಳು ಕೆಂಪಾದಾಗ ಅದು ಹೆಚ್ಚುತ್ತಿತ್ತು. ಆದರೆ ಚಳಿಗಾಲದಲ್ಲಿ ಕೇದಾರೇಶ್ವರನೇ ಇಲ್ಲಿಗೆ ಇಳಿದು ಬರುತ್ತಾನೆ. ಅಕ್ಟೋಬರ್ 27ರಂದು ಕೇದಾರದ ಬಾಗಿಲು ಮುಚ್ಚಿತು. ಉತ್ಸವಮೂರ್ತಿಯ ಡೋಲಿ ರಾಂಪುರದಲ್ಲಿ ಒಂದು ರಾತ್ರಿ, ಗುಪ್ತಕಾಶಿಯಲ್ಲಿ ಒಂದು ರಾತ್ರಿ ತಂಗಿ 29ರಂದು ಉಖೀಮಠ ತಲುಪಿತು. ಜನಸಂದಣಿಯಲ್ಲಿ ಉಸಿರು ಕಟ್ಟೀತೆಂದು ನಾವು ಮೊದಲೇ ಹೋಗಿ ಗುಡಿಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದೆವು. ವಾದ್ಯಗಳ ಸದ್ದು ಮೊದಲು ಬಂತು, ಆಮೇಲೆ ಹೂವಿನಿಂದ ಮುಚ್ಚಿದ ಡೋಲಿ. ಹಿಂದೆಯೇ ಬರುತ್ತಿದ್ದ ನಮ್ಮ ಸಂಗಡಿಗರು ಮೀನಖಂಡ ತಿಕ್ಕಿಕೊಳ್ಳುತ್ತ ಕಟ್ಟೆಯ ಮೇಲೆ ನಮ್ಮ ಮಗ್ಗುಲಿಗೇ ಬಂದು ಕುಳಿತರು.