ಶ್ರೀಶೈಲದ ಹಾದಿಯಲ್ಲಿ

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ತೀರ್ಥಯಾತ್ರೆಯ ಅಗತ್ಯವೇನು ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಒಂದೆಡೆ ನಿಂತ ಸ್ಥಾವರಕ್ಕಿಂತ ನಡೆದಾಡುವ ಜಂಗಮಕ್ಕೆ ಹೆಚ್ಚಿನ ಮನ್ನಣೆಯನ್ನಿತ್ತರು. ಆದರೂ ಅದೇ ಶರಣರಲ್ಲಿ ಕೆಲವರ ಬಾಳು ಶ್ರೀಶೈಲದ ಮಲ್ಲಿಕಾರ್ಜುನನೊಡನೆ ಬಿಡಿಸಲಾರದಂತೆ ಹೆಣೆದುಕೊಂಡಿದೆ. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಯನ್ನು ಸೇರಿದಳು. ಸೊನ್ನಲಿಗೆಯ ಸಿದ್ಧರಾಮನ ವಚನಗಳ ಅಂಕಿತದಲ್ಲಿಯೇ ಮಲ್ಲಿಕಾರ್ಜುನನಿದ್ದಾನೆ. ತರಗತಿಯಲ್ಲಿ ವಚನಗಳ ಪಾಠ ನಡೆದಾಗ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, ‘ಗುಡಿ ಬೇಡವೆಂದವರು ಗುಡಿಗೇಕೆ ಹೋದರು?’ ಎಂದು ಕೇಳುವುದುಂಟು. ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡೇ 2019ರ ಯುಗಾದಿಗೆ ನಾನು ಇಬ್ಬರು ಸಹೋದ್ಯೋಗಿಗಳೊಡನೆ ಶ್ರೀಶೈಲದ ಪಾದಯಾತ್ರೆಯನ್ನು ಕೈಕೊಂಡೆನು.

ಶ್ರೀಶೈಲವು ಆಂಧ್ರಪ್ರದೇಶದ ನಲ್ಲಮಲೆಯ ಅರಣ್ಯದ ನಡುವೆ, ಕೃಷ್ಣಾನದಿಯ ದಕ್ಷಿಣ ತೀರದಲ್ಲಿದೆ. ಹಿಂದೆ ಕರ್ನೂಲು ಜಿಲ್ಲೆಗೆ ಸೇರಿದ್ದ ಈ ಕ್ಷೇತ್ರವು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದೆನಿಸಿದ ಮಲ್ಲಿಕಾರ್ಜುನನೂ ಹದಿನೆಂಟು ಶಕ್ತಿಪೀಠಗಳಲ್ಲಿ ಒಂದೆನಿಸಿದ ಭ್ರಮರಾಂಬೆಯೂ ಇಲ್ಲಿ ಒಂದೇ ಪ್ರಾಕಾರದೊಳಗೆ ನೆಲೆಸಿದ್ದಾರೆ. ವಿಜಯನಗರದ ಎರಡನೆಯ ಹರಿಹರನು ಇಲ್ಲಿ ಮುಖಮಂಟಪವನ್ನು ಕಟ್ಟಿಸಿದನು. ಕೃಷ್ಣದೇವರಾಯನು ರಥಬೀದಿಯ ಇಕ್ಕೆಲಗಳಲ್ಲಿ ಮಂಟಪಗಳನ್ನು ನಿಲ್ಲಿಸಿದನು. 1677ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಇಲ್ಲಿಗೆ ಬಂದುಹೋದರು. ಆದರೆ ನಮ್ಮ ಬಯಲುಸೀಮೆಯ ಒಕ್ಕಲಿಗನಿಗೆ ಈ ಚರಿತ್ರೆಯ ಅರಿವು ಬೇಕಾಗಿಲ್ಲ. ಅವನಿಗೆ ಅದು ‘ಪರ್ವತ’, ಅಲ್ಲಿರುವವನು ‘ಮಲ್ಲಯ್ಯ’. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ‘ಪಂಡಿತಾರಾಧ್ಯ ಚರಿತ್ರ’ದ ಒಂದು ಭಾಗಕ್ಕೆ ‘ಪರ್ವತ ಪ್ರಕರಣ’ವೆಂದೇ ಹೆಸರಿದೆ. ಆ ಕಾಲದ ಹೆಸರೇ ಇಂದಿಗೂ ಜನರ ನಾಲಗೆಯ ಮೇಲಿರುವುದು ಸೋಜಿಗದ ಸಂಗತಿ.

ಯುಗಾದಿಯ ಮುನ್ನ ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ರಾಯಚೂರು ಕಡೆಗಳಿಂದ ಜನರು ಗುಂಪುಗುಂಪಾಗಿ ನಡೆದು ಬರುತ್ತಾರೆ. ಕೆಲವರ ಹೆಗಲ ಮೇಲೆ ಮಲ್ಲಯ್ಯನ ಕಂಬಿ ಇರುತ್ತದೆ. ಕೆಲವರು ಹರಕೆ ಹೊತ್ತು ಮರಗಾಲುಗಳ ಮೇಲೆಯೇ ನಡೆಯುತ್ತಾರೆ. ನಾವು ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಿ, ವೆಂಕಟಾಪುರದಿಂದ ಅಡವಿಯ ಹಾದಿಯನ್ನು ಹಿಡಿದೆವು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ, ಕೈಲಾಸದ್ವಾರ ಎಂಬ ಈ ಹಾದಿಯ ಹೆಸರುಗಳು ನಡೆದು ಬಂದವರಿಗೆ ಮಂತ್ರದಂತೆ ನೆನಪಿರುತ್ತವೆ. ಇದು ಹುಲಿಗಳಿಗೆಂದು ಕಾದಿರಿಸಿದ ಅರಣ್ಯ. ಶಿವರಾತ್ರಿ, ಯುಗಾದಿಗಳ ಕಾಲದಲ್ಲಿ ಮಾತ್ರ ಯಾತ್ರಿಕರಿಗೆ ತೆರೆದಿರುತ್ತದೆ. ಎಲೆಯುದುರಿದ ಮರಗಳು, ಕಾದ ಕಲ್ಲು, ಬತ್ತಿದ ಹಳ್ಳ. ಭೀಮನ ಕೊಳದ ಇಳಿಜಾರಿನಲ್ಲಿ ಇಳಿದು ಮತ್ತೆ ಏರುವಾಗ, ನಿತ್ಯವೂ ವ್ಯಾಯಾಮ ಮಾಡುವ ನಮ್ಮ ದೈಹಿಕ ಶಿಕ್ಷಕರು ಕೂಡ ಮಾತು ನಿಲ್ಲಿಸಿದರು.

ಅಂಥ ಅಡವಿಯಲ್ಲಿ ಅಲ್ಲಲ್ಲಿ ನಮ್ಮ ನಾಡಿನವರೇ ಚಪ್ಪರ ಹಾಕಿ ಅರವಟ್ಟಿಗೆಗಳನ್ನು ನಡೆಸುತ್ತಿದ್ದರು. ಊರಿನಿಂದ ಹೇರಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ನೀರು. ಹಾದಿಯಲ್ಲಿ ಬಂದವರನ್ನೆಲ್ಲ ಅವರು ಕರೆಯುತ್ತಿದ್ದುದು ಒಂದೇ ಹೆಸರಿನಿಂದ: ‘ಬರ್ರಿ ಮಲ್ಲಯ್ಯ, ಕುಂದರ್ರಿ, ನೀರು ಕುಡೀರಿ.’ ಯಾವ ಊರು, ಯಾವ ಕುಲ ಎಂದು ಕೇಳುವವರಿಲ್ಲ. ಗುಡಿಯ ಗೋಪುರ ಕಾಣುವುದಕ್ಕೆ ಇನ್ನೂ ಒಂದು ದಿನದ ನಡಿಗೆ ಇರುವಾಗಲೇ ಇಲ್ಲಿ ಪ್ರತಿಯೊಬ್ಬ ನಡೆಯುವವನೂ ಮಲ್ಲಯ್ಯನಾಗಿದ್ದನು.

ಒಂದು ಅರವಟ್ಟಿಗೆಯಲ್ಲಿ ನೀರು ಹಾಕುತ್ತಿದ್ದ ತರುಣನನ್ನು, ‘ಪ್ರತಿವರ್ಷ ಬರುತ್ತೀಯೇನಪ್ಪ?’ ಎಂದು ಕೇಳಿದೆ. ‘ಹೌದ್ರಿ ಸರ. ನಮ್ಮ ಮುತ್ಯಾ ಒಮ್ಮೆ ಈ ಅಡವ್ಯಾಗ ನೀರಿಲ್ಲದ ಬಿದ್ದಿದ್ದನಂತ. ಯಾರೋ ಪುಣ್ಯಾತ್ಮರು ನೀರು ಕುಡಿಸಿ ಉಳಿಸಿದ್ರು. ಅವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಯಾರಿಗಂತ ತಿರುಗಿ ಕೊಡೋದ್ರಿ? ಅದಕ್ಕ ಬಂದವರಿಗೆಲ್ಲಾ ಕೊಡ್ತೀವಿ’ ಎಂದನು. ಇಷ್ಟು ಹೇಳಿ ಅವನು ಮುಂದಿನವರ ತಂಬಿಗೆಗೆ ನೀರು ಹಾಕತೊಡಗಿದನು.

ಮರುದಿನ ಕ್ಷೇತ್ರವನ್ನು ಸೇರಿ, ಪಾತಾಳಗಂಗೆಯ ಮೆಟ್ಟಿಲುಗಳನ್ನಿಳಿದು ಕೃಷ್ಣೆಯಲ್ಲಿ ಮಿಂದೆವು. ದೇವಾಲಯದ ಪ್ರಾಕಾರದ ಗೋಡೆ ಕೋಟೆಯಂತೆ ಎತ್ತರವಾಗಿದೆ. ಅದರ ಹೊರಮೈಯಲ್ಲಿ ಸಾಲುಸಾಲಾಗಿ ಆನೆ, ಕುದುರೆ, ಬೇಟೆಗಾರರು, ಸಿದ್ಧರು, ಶಿವಲೀಲೆಗಳು. ಈ ಶಿಲ್ಪಗಳನ್ನು ಒಳಗಲ್ಲದೆ ಹೊರಗೆ ಕೆತ್ತಿದ್ದರಿಂದ, ಬೀದಿಯಲ್ಲಿ ಹೋಗುವವನಿಗೂ ಅವು ಪಾಠ ಹೇಳುತ್ತವೆ. ನಲ್ಲಮಲೆಯ ಚೆಂಚು ಜನರು ಈ ದೇವರನ್ನು ‘ಚೆಂಚು ಮಲ್ಲಯ್ಯ’ನೆಂದು ಕರೆದು, ತಮ್ಮ ಹೆಣ್ಣನ್ನು ಲಗ್ನವಾದ ಅಳಿಯನೆಂದು ಹೇಳಿಕೊಳ್ಳುತ್ತಾರೆ. ನಮ್ಮ ಕನ್ನಡದ ಹೆಣ್ಣುಮಕ್ಕಳಾದರೋ ಭ್ರಮರಾಂಬೆ ತಮ್ಮ ಮನೆಯ ಮಗಳೆಂದು ಭಾವಿಸಿ, ಯುಗಾದಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮಗಳನ್ನು ಒಯ್ಯುತ್ತಾರೆ. ಅಡವಿಯವರೂ ಬಯಲಿನವರೂ ಒಂದೇ ಗುಡಿಯಲ್ಲಿ ಹೀಗೆ ಬೀಗತನ ಬೆಳೆಸಿದ್ದಾರೆ.

ಭಕ್ತರು ಗರ್ಭಗುಡಿಯನ್ನು ಹೊಕ್ಕು ಲಿಂಗವನ್ನು ತಮ್ಮ ಕೈಯಿಂದ ಮುಟ್ಟಿ ನಮಸ್ಕರಿಸುವುದು ಶ್ರೀಶೈಲದ ಹಿರಿಮೆ. ಆದರೆ ಜನಸಂದಣಿ ಮಿತಿಮೀರಿದಾಗ ಸ್ಪರ್ಶದರ್ಶನವಿರುವುದಿಲ್ಲ. ನಾವು ಹೋದ ದಿನವೂ ಇರಲಿಲ್ಲ. ತಾಸುಗಟ್ಟಲೆ ಸರತಿಯಲ್ಲಿ ನಿಂತ ಮೇಲೆ ದೊರೆತದ್ದು ದೂರದಿಂದ ಅರೆಕ್ಷಣದ ದರ್ಶನ. ನನ್ನ ಮುಂದೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳಿದ್ದಳು. ಅವಳ ಕಾಲುಗಳಿಗೆ ಬಟ್ಟೆ ಸುತ್ತಿತ್ತು. ಹೊರಗೆ ಬಂದ ಮೇಲೆ, ‘ಯವ್ವಾ, ಇಷ್ಟು ದೂರ ನಡೆದು ಬಂದು ಮುಟ್ಟಲು ಸಿಗಲಿಲ್ಲವಲ್ಲ, ಬೇಸರವಾಗಲಿಲ್ಲವೇ?’ ಎಂದೆ. ಅವಳು ಕೊರಳಲ್ಲಿದ್ದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡು, ‘ಬ್ಯಾಸರ ಯಾಕಪಾ? ಮುಟ್ಟಾಕ ಲಿಂಗ ಇಲ್ಲೇ ಐತಿ. ನಾ ಬಂದದ್ದು ಮಗಳಿಗೆ ಸೀರಿ ಕೊಟ್ಟು ಹೋಗಾಕ’ ಎಂದು ನಕ್ಕಳು.

ಅಂಗದ ಮೇಲಿನ ಲಿಂಗಕ್ಕೂ ಪರ್ವತದ ಮಲ್ಲಯ್ಯನಿಗೂ ಅವಳಲ್ಲಿ ಜಗಳವಿರಲಿಲ್ಲ. ಪೂಜೆಗೆ ಕೈಯೊಳಗಿನ ಲಿಂಗವುಂಟು. ನಡೆದು ಹೋಗುವುದು ಬಾಂಧವ್ಯಕ್ಕಾಗಿ. ಹೋಗುವಾಗ ಏನನ್ನಾದರೂ ಒಯ್ಯಬೇಕು, ಹಾದಿಯಲ್ಲಿ ಸಿಕ್ಕವರನ್ನು ಮಲ್ಲಯ್ಯನೆಂದು ಕಾಣಬೇಕು. ಗುಡಿ ನಿಂತಲ್ಲಿಯೇ ನಿಂತಿದೆ; ಅದರ ಸುತ್ತ ನಡೆದಾಡುವ, ಉಣಿಸುವ, ನೀರೆರೆಯುವ ಈ ಜನಸಮೂಹವೇ ಜಂಗಮವೆಂದು ನನಗೆ ಅಂದು ತೋರಿತು.

ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳುವ ಕಥೆ ಎಲ್ಲರಿಗೂ ತಿಳಿದದ್ದೇ. ಹೊಲ ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣಲು ಬೇಡಿದನು. ಬಾಲಕನು ಮನೆಗೆ ಓಡಿ ಹೋಗಿ ತರುವಷ್ಟರಲ್ಲಿ ಮಾಯವಾದನು. ಅವನನ್ನರಸುತ್ತ ಬಾಲಕನು ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ಹೋದನು. ಅಲ್ಲಿಯೂ ಕಾಣದೆ ಪ್ರಾಣ ಬಿಡಲು ಸಿದ್ಧನಾದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾದನು. ಆದರೆ ಅವನನ್ನು ತನ್ನ ಬಳಿ ಇರಿಸಿಕೊಳ್ಳಲಿಲ್ಲ, ಸೊನ್ನಲಿಗೆಗೇ ಹಿಂದಿರುಗಿಸಿದನು. ಹಿಂದಿರುಗಿದ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದನು. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆಯ ನಡುವೆಯೇ ಅವನ ಗುಡಿಯಿದೆ. ಊರಿಗೆ ನೀರು ಬೇಕಾಗಿದ್ದಾಗ ದೇವರು ಭಕ್ತನನ್ನು ಊರಿಗೇ ಕಳುಹಿದನೆಂಬುದು ಈ ಕಥೆಯ ತಿರುಳು.

ಈಗ ತರಗತಿಯಲ್ಲಿ ಆ ಹಳೆಯ ಪ್ರಶ್ನೆ ಬಂದಾಗ ನಾನು ಸಿದ್ಧರಾಮನ ಈ ಕಥೆಯನ್ನೂ ಅರವಟ್ಟಿಗೆಯ ತರುಣನ ಮಾತನ್ನೂ ಹೇಳುತ್ತೇನೆ. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾವುಂಡ ಜೋಳ ಯಾವ ಊರಿನ ಯಾವ ಕಣದಿಂದ ಬಂದಿತೆಂಬುದನ್ನು ಅವರಲ್ಲಿ ಎಷ್ಟೋ ಜನ ಅರಿಯರು. ಕೊಟ್ಟವರಿಗೂ ಉಂಡವರ ಹೆಸರು ಗೊತ್ತಿಲ್ಲ. ಆದರೂ ಸುಗ್ಗಿ ಮುಗಿದೊಡನೆ ಮಠದ ಅಂಗಳಕ್ಕೆ ಕಾಳಿನ ಚೀಲಗಳು ಬಂದಿಳಿಯುತ್ತವೆ, ಹಳೆಯ ವಿದ್ಯಾರ್ಥಿಗಳ ಹಣ ಅಂಚೆಯಲ್ಲಿ ಬರುತ್ತದೆ, ಸಂಜೆ ಗಂಟೆ ಬಾರಿಸಿದಾಗ ಮಕ್ಕಳು ಸಾಲಾಗಿ ಉಣಲು ಕುಳಿತುಕೊಳ್ಳುತ್ತಾರೆ.